ಐದು ದೇಶ ಬರೆದೆವು, ಮೂರು ಉಳಿದವು

ಕೆಲಸದ ಆಫರ್ ಲೆಟರ್ ಕೈಗೆ ಬಂದಿತ್ತು. ಸೇರುವ ದಿನಾಂಕ ಮಾತ್ರ ಎರಡು ತಿಂಗಳು ಮುಂದಕ್ಕೆ ಹೋಗಿತ್ತು. ‘ಕೆಲಸಕ್ಕೆ ಸೇರಿದ್ಮೇಲೆ ಒಂದು ತಿಂಗಳು ರಜೆ ಯಾರು ಕೊಡ್ತಾರೆ ಕಣೇ?’ ಎಂದು ಗೆಳತಿ ಕೇಳಿದ್ದೇ ತಡ, ಇಂಟರ್ನ್‌ಶಿಪ್‌ನಲ್ಲಿ ಉಳಿಸಿದ್ದ ಹಣ ಲೆಕ್ಕ ಹಾಕಿ ಆಗ್ನೇಯ ಏಷ್ಯಾದ ನಕ್ಷೆ ಮುಂದೆ ಕೂತೆವು. ಥಾಯ್ಲೆಂಡ್, ಕಾಂಬೋಡಿಯಾ, ವಿಯೆಟ್ನಾಂ, ಲಾವೋಸ್, ಸಿಂಗಪುರ. ಮೂವತ್ತು ದಿನ, ಐದು ದೇಶ, ತಲಾ ಆರು ದಿನ. ಎಷ್ಟು ಸಲೀಸು!

ಮೊದಲು ಬಿದ್ದುಹೋಗಿದ್ದು ಸಿಂಗಪುರ. ನಮಗೆ ಮುಂಚಿತವಾಗಿ ವೀಸಾ ಬೇಕು, ಅಲ್ಲಿನ ಹಾಸ್ಟೆಲ್ ಬಾಡಿಗೆಯೂ ದುಬಾರಿ. ಥಾಯ್ಲೆಂಡ್ 2024ರಲ್ಲಿ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಇರಲು ಬಿಟ್ಟಿತ್ತು. ವಿಯೆಟ್ನಾಂನ ಇ-ವೀಸಾ 90 ದಿನಕ್ಕೆ 25 ಡಾಲರ್. ಆದರೆ ಅದು ಒಂದೇ ಪ್ರವೇಶದ್ದು. ನಡುವೆ ಲಾವೋಸ್‌ಗೆ ಹೋಗಿ ಮರಳಿ ಬರುತ್ತೇವೆಂದರೆ 50 ಡಾಲರ್‌ನದ್ದೇ ಬೇಕು. ಯಾವ ದೇಶ ಎನ್ನುವಷ್ಟೇ, ಯಾವುದರ ನಂತರ ಯಾವುದು ಎನ್ನುವುದೂ ಮುಖ್ಯ ಎಂದು ಗೊತ್ತಾಗಿದ್ದೇ ಆಗ. ಇಂಥ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಟಿಕೆಟ್ ತೆಗೆಯುವ ಮುನ್ನ ಆಯಾ ಸರ್ಕಾರದ ವೆಬ್‌ಸೈಟನ್ನೇ ನೋಡಿ, ಹೋಗಿ ಬಂದವರ ವಿಡಿಯೊ ನಂಬಬೇಡಿ.

ಜಗಳವಾಗಿದ್ದು ಕಾಂಬೋಡಿಯಾಕ್ಕೆ. ಅಂಗ್ಕೋರ್ ವಾಟ್ ನೋಡುವುದು ಗೆಳತಿಯ ಹೈಸ್ಕೂಲ್ ಕಾಲದ ಆಸೆ. 2025ರಲ್ಲಿ ಥಾಯ್ಲೆಂಡ್–ಕಾಂಬೋಡಿಯಾ ಗಡಿ ತಂಟೆ ಗುಂಡಿನ ಚಕಮಕಿಗೆ ತಿರುಗಿ, ಬಸ್ಸಿನಲ್ಲಿ ದಾಟುವ ದಾರಿಯೇ ಮುಚ್ಚಿತ್ತು. ವಿಮಾನದಲ್ಲಿ ಹೋದರೂ ಅಂಗ್ಕೋರ್ ಪ್ರವೇಶಕ್ಕೇ ಒಂದು ದಿನಕ್ಕೆ 37 ಡಾಲರ್. ‘ವಿಯೆಟ್ನಾಂ ಕಡೆಯಿಂದ ಹೋಗೋಣ’ ಎಂದಳು. ನಾನು ದಿನ ಎಣಿಸಿದೆ. ಒಂದು ಗಡಿ ದಾಟಿದರೆ ಬಸ್ಸು, ಮುದ್ರೆಯ ಸಾಲು, ನೋಟು ಬದಲಾವಣೆ, ಹೊಸ ಸಿಮ್ ಎಂದು ಒಂದು ದಿನ ಹೋದಂತೆಯೇ. ವಿಯೆಟ್ನಾಂ ಒಂದರಲ್ಲೇ ಹನೋಯ್‌ನಿಂದ ಹೋ ಚಿ ಮಿನ್ ನಗರಕ್ಕೆ ರೈಲು ಹಾದಿ 1,726 ಕಿ.ಮೀ., ಮೂವತ್ತು ತಾಸಿಗೂ ಹೆಚ್ಚು. ಅದನ್ನು ಆರು ದಿನದಲ್ಲಿ ಮುಗಿಸುವುದೆಂದರೆ ಕಿಟಕಿಯಿಂದ ನೋಡಿದಂತೆ. ಕಾಂಬೋಡಿಯಾ ಬಿಟ್ಟೆವು. ಎರಡು ದಿನ ಅವಳು ನನ್ನೊಡನೆ ಮಾತಾಡಲಿಲ್ಲ.

ದಾರಿಯಲ್ಲಿ ಸಿಗುತ್ತದೆ ಎಂದಷ್ಟೇ ಪಟ್ಟಿಗೆ ಸೇರಿದ್ದ ಲಾವೋಸ್‌ಗೆ ಹೀಗೆ ಒಂಬತ್ತು ದಿನ ಸಿಕ್ಕಿತು. ಹುವಾಯ್ ಸಾಯ್ ಎಂಬ ಗಡಿ ಊರಿನಿಂದ ಲುವಾಂಗ್ ಪ್ರಬಾಂಗ್‌ಗೆ ಮೆಕಾಂಗ್ ನದಿಯಲ್ಲಿ ಎರಡು ದಿನದ ದೋಣಿ ಪಯಣ. ರಾತ್ರಿ ಪಾಕ್‌ಬೆಂಗ್ ಎಂಬ ಪುಟ್ಟ ಊರಲ್ಲಿ ತಂಗುತ್ತದೆ. ದೋಣಿಯಲ್ಲಿ ಕೋಳಿ, ಅಕ್ಕಿ ಮೂಟೆ, ನಾವು. ನೆಟ್‌ವರ್ಕ್ ಇಲ್ಲದ ಆ ನದಿಯ ಮೇಲೇ ನಮ್ಮ ರಾಜಿ ಆಗಿದ್ದು. ಅಲ್ಲಿಂದ ರಾಜಧಾನಿ ವಿಯೆಂಟಿಯಾನ್‌ಗೆ 2021ರಲ್ಲಿ ಶುರುವಾದ ರೈಲಿನಲ್ಲಿ ಸುಮಾರು ಎರಡೇ ತಾಸು.

ಗೆಳತಿ ಸಸ್ಯಾಹಾರಿ. ವಿಯೆಟ್ನಾಂನಲ್ಲಿ ‘ಚಾಯ್’ ಎಂಬ ಬೋರ್ಡು ಕಂಡರೆ ಅದು ಟೀ ಅಂಗಡಿಯಲ್ಲ, ಸಸ್ಯಾಹಾರದ ಹೋಟೆಲು ಎಂದು ತಿಳಿಯುವವರೆಗೆ ಬಾಳೆಹಣ್ಣಿನಲ್ಲೇ ದಿನ ದೂಡಿದಳು.

ಕೊನೆಯ ಸಂಜೆ ಹೋ ಚಿ ಮಿನ್ ನಗರದಲ್ಲಿ ಬಸ್ ಟಿಕೆಟ್ ಕೌಂಟರೊಂದರ ಮುಂದೆ ‘ನಾಮ್ ಪೆನ್’ ಎಂಬ ಫಲಕ ಕಂಡು ನಿಂತಳು. ಕಾಂಬೋಡಿಯಾದ ರಾಜಧಾನಿ, ಅರ್ಧ ದಿನದ ಹಾದಿ. ಕೈಯಲ್ಲಿ ಇನ್ನೂ ಸ್ವಲ್ಪ ಡಾಲರ್ ಇತ್ತು. ವಾಪಸ್ ವಿಮಾನ ಮರುದಿನ ಬೆಳಿಗ್ಗೆಯದಾಗಿತ್ತು.