ತಾರೆಗಳ ಛಾಯಾಗ್ರಹಣಕ್ಕೆ ಎರಡನೆಯ ಕೊಳವೆ ಏತಕ್ಕೆ?

ನಮ್ಮ ಪೂರ್ವ ವಿದ್ಯಾರ್ಥಿನಿಯರು ಕೂಡಿಸಿ ಕೊಟ್ಟ ಹಣದಿಂದ 80 ಮಿಲಿಮೀಟರ್ ಮಸೂರದ ಚಿಕ್ಕ ದೂರದರ್ಶಕವೊಂದು ಶಾಲೆಗೆ ಬಂದಿರುವುದು ಸರ್ವರಿಗೂ ವಿದಿತವೇ. ಅದರ ಬೆನ್ನಿಗೆ ಇನ್ನೊಂದು ಕಿರುಕೊಳವೆ, ಇನ್ನೊಂದು ಕ್ಯಾಮೆರಾ ಏತಕ್ಕೆ, ಇದು ದುಂದುವೆಚ್ಚವಲ್ಲವೇ ಎಂದು ಪಾಲಕರಲ್ಲಿ ಕೆಲವರು ಕೇಳಿರುವರು. ಕೇಳತಕ್ಕ ಪ್ರಶ್ನೆಯೇ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಮಗಳಿಗಾಗಿ ಇಂಥ ಉಪಕರಣವನ್ನು ಕೊಳ್ಳಬೇಕೆಂದಿರುವವರೂ ಇರುವುದರಿಂದ ಉತ್ತರವನ್ನು ಇಲ್ಲಿ ಬರೆಯುತ್ತೇವೆ.

ಭೂಮಿಯು ತಿರುಗುವುದರಿಂದ ಆಕಾಶದ ಮಧ್ಯರೇಖೆಯ ಬಳಿಯ ತಾರೆಗಳು ಸೆಕೆಂಡಿಗೆ ಸುಮಾರು 15 ವಿಕಲೆಗಳಷ್ಟು ಪಶ್ಚಿಮಕ್ಕೆ ಸರಿಯುವಂತೆ ಕಾಣುತ್ತವೆ. (ಒಂದು ಅಂಶಕ್ಕೆ 3600 ವಿಕಲೆಗಳೆಂಬುದನ್ನು ನಮ್ಮಲ್ಲಿ ಕಲಿತವರು ಮರೆತಿರಲಾರರು.) ಈ ಗತಿಯನ್ನು ಅನುಸರಿಸಿ ದೂರದರ್ಶಕವನ್ನು ತಿರುಗಿಸಲು ಪೀಠದಲ್ಲಿ ಮೋಟಾರು ಉಂಟು. ಆದರೆ ಸಾಧಾರಣ ಬೆಲೆಯ ಪೀಠದ ಹಲ್ಲುಚಕ್ರವು ಸರ್ವಥಾ ನಿರ್ದೋಷವಾಗಿರದು. ಅದು ಕೆಲವು ನಿಮಿಷಗಳಿಗೊಮ್ಮೆ ಹತ್ತಿಪ್ಪತ್ತು ವಿಕಲೆಗಳಷ್ಟು ಹಿಂದುಮುಂದಾಗುವುದು. ಕಣ್ಣಿನಿಂದ ನೋಡುವವರಿಗೆ ಇದು ತಿಳಿಯುವುದೇ ಇಲ್ಲ. ಐದು ನಿಮಿಷ ತೆರೆದಿಟ್ಟ ಕ್ಯಾಮೆರಾದಲ್ಲಿಯಾದರೋ ಚುಕ್ಕೆಯಾಗಬೇಕಾದ ತಾರೆಯು ಗೆರೆಯಾಗುತ್ತದೆ.

ಪೂರ್ವಕಾಲದ ಜ್ಯೋತಿರ್ವಿದರು ಮಾರ್ಗದರ್ಶಕ ಕೊಳವೆಯ ಅಡ್ಡಗೆರೆಗಳ ಮೇಲೆ ಒಂದು ತಾರೆಯನ್ನು ನಿಲ್ಲಿಸಿಕೊಂಡು, ಕಣ್ಣು ಕೀಳದೆ ಗಂಟೆಗಟ್ಟಲೆ ಕುಳಿತು ಕೈಯಿಂದಲೇ ಯಂತ್ರವನ್ನು ತಿದ್ದುತ್ತಿದ್ದರು. ಈಗ ಆ ಕಣ್ಣಿನ ಕೆಲಸವನ್ನು ಚಿಕ್ಕದೊಂದು ಕ್ಯಾಮೆರಾವೂ ಆ ಕೈಯ ಕೆಲಸವನ್ನು ಗಣಕಯಂತ್ರವೂ ವಹಿಸಿಕೊಂಡಿವೆ. ಎರಡು ಮೂರು ಸೆಕೆಂಡಿಗೊಮ್ಮೆ ತಾರೆಯ ಸ್ಥಾನವನ್ನು ನೋಡಿ ಪೀಠಕ್ಕೆ ತಿದ್ದುಪಡಿಯನ್ನು ಕಳುಹಿಸುವ ಪಿಎಚ್‌ಡಿ2 ಎಂಬ ತಂತ್ರಾಂಶವು ಉಚಿತವಾಗಿಯೇ ದೊರೆಯುತ್ತದೆ.

ಇನ್ನು ಆಯ್ಕೆಯ ಮಾತು. ಕ್ಯಾಮೆರಾದ ಒಂದು ಬಿಂದುವಿನ ಅಗಲವನ್ನು ಮೈಕ್ರಾನುಗಳಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಮಿಲಿಮೀಟರುಗಳಲ್ಲಿರುವ ನಾಭಿದೂರದಿಂದ ಭಾಗಿಸಿದರೆ ಒಂದು ಬಿಂದುವು ಎಷ್ಟು ವಿಕಲೆಗಳನ್ನು ಒಳಗೊಳ್ಳುವುದೆಂದು ತಿಳಿಯುತ್ತದೆ. ನಮ್ಮ ದೂರದರ್ಶಕದ ನಾಭಿದೂರ 480 ಮಿಲಿಮೀಟರ್, ಬಿಂದು 3.75 ಮೈಕ್ರಾನ್, ಲೆಕ್ಕಕ್ಕೆ 1.6 ವಿಕಲೆ. 30 ಮಿಲಿಮೀಟರ್ ಮಸೂರದ, 120 ಮಿಲಿಮೀಟರ್ ನಾಭಿದೂರದ ಕಿರುಕೊಳವೆಗೆ ಅಂಥದೇ ಬಿಂದುವಾದರೆ 6.4 ವಿಕಲೆ. ಇದು ಒರಟೆಂದು ತೋರಬಹುದು. ಆದರೆ ತಂತ್ರಾಂಶವು ತಾರೆಯ ಮಧ್ಯವನ್ನು ಬಿಂದುವಿನ ಹತ್ತರಲ್ಲೊಂದು ಪಾಲಿನವರೆಗೂ ಗುರುತಿಸಬಲ್ಲದಾದ್ದರಿಂದ ಇಷ್ಟೇ ಸಾಕು. ದೊಡ್ಡ ಕೊಳವೆಯ ಭಾರವನ್ನು ಪೀಠದ ಮೇಲೆ ಹೇರುವುದು ನಷ್ಟವೇ ಸರಿ. ಮುಖ್ಯ ದೂರದರ್ಶಕದ ಬೆಳಕಿನ ಅಂಚನ್ನೇ ಅಶ್ರಗದಿಂದ ಕದ್ದು ಮಾರ್ಗದರ್ಶಕ ಕ್ಯಾಮೆರಾಕ್ಕೆ ಕೊಡುವ ಸಾಧನವೂ ಉಂಟು. ದರ್ಪಣವು ಅಲುಗುವ, ನಾಭಿದೂರ ದೀರ್ಘವಾದ ದೂರದರ್ಶಕಗಳಿಗೆ ಅದು ಯೋಗ್ಯ. ಮಸೂರದ ಚಿಕ್ಕ ಯಂತ್ರದಲ್ಲಿ, ಅದರ ಕಿರಿದಾದ ಕಿಂಡಿಯಲ್ಲಿ ತಾರೆಯನ್ನು ಹುಡುಕುವ ಕಷ್ಟವೇ ಹೆಚ್ಚು. ಮಾರ್ಗದರ್ಶಕ ಕ್ಯಾಮೆರಾ ಬಣ್ಣದ್ದಾಗಿರಬೇಕಾಗಿಲ್ಲ; ಕಪ್ಪುಬಿಳುಪಿನದು ಮಂದ ತಾರೆಗಳನ್ನು ಚೆನ್ನಾಗಿ ಹಿಡಿಯುತ್ತದೆ. ಕೊಳವೆಯನ್ನು ಮಾತ್ರ ಅಲುಗದಂತೆ ಬಿಗಿಯತಕ್ಕದ್ದು. ಅದು ಕೂದಲೆಳೆಯಷ್ಟು ಬಾಗಿದರೂ ಯಂತ್ರವು ನಿಷ್ಠೆಯಿಂದ ತಪ್ಪು ದಾರಿಯನ್ನೇ ಅನುಸರಿಸುವುದು.

ನಮ್ಮ ಸೀಮೆಗೆ ವಿಶೇಷವಾದ ತೊಡಕುಗಳೂ ಕೆಲವುಂಟು. ಇಲ್ಲಿ ಧ್ರುವನಕ್ಷತ್ರವು ಕ್ಷಿತಿಜದಿಂದ ಕೇವಲ 14 ಅಂಶಗಳಷ್ಟು ಮೇಲಿರುತ್ತದೆ. ಜಗಳೂರಿನ ಬಯಲು ಹೊಲಗಳಲ್ಲಿ ಅದು ಸುಲಭವಾಗಿ ಕಂಡೀತು. ಚನ್ನಗಿರಿಯ ಅಡಕೆ ತೋಟದ ನಡುವಿನ ಮನೆಯಂಗಳದಿಂದ ಕಾಣಲಾರದು. ಆಗ ದಕ್ಷಿಣದ ಒಂದು ತಾರೆಯೂ ಪೂರ್ವ ಅಥವಾ ಪಶ್ಚಿಮದ ಒಂದು ತಾರೆಯೂ ಯಾವ ಕಡೆಗೆ ಜಾರುವುವೆಂದು ಮಾರ್ಗದರ್ಶಕ ಕ್ಯಾಮೆರಾದಲ್ಲಿಯೇ ನೋಡಿ ಪೀಠವನ್ನು ಸರಿಪಡಿಸಬಹುದು. ಎರಡನೆಯ ಕೊಳವೆಯ ಬೆಲೆ ಇದೊಂದರಿಂದಲೇ ತೀರುವುದೆಂದು ನಮ್ಮ ಅಭಿಪ್ರಾಯ. ಉತ್ತರ ದೇಶಗಳಿಗಾಗಿ ಮಾಡಿದ ಕೆಲವು ಪೀಠಗಳನ್ನು ಇಷ್ಟು ತಗ್ಗಿಸಿದರೆ ಪ್ರತಿಭಾರದ ಸರಳು ಮುಕ್ಕಾಲಿಗೆ ತಗಲುತ್ತದೆ. ಕೊಳ್ಳುವ ಮೊದಲೇ ಕೇಳಿ ತಿಳಿಯಿರಿ. ತುಂಗಭದ್ರೆಯ ದಡದ ಹೊನ್ನಾಳಿಯಂಥ ಊರುಗಳಲ್ಲಿ ಚಳಿಗಾಲದ ಇಬ್ಬನಿಯು ಕಿರುಮಸೂರವನ್ನು ಮಬ್ಬಾಗಿಸುವುದುಂಟು. ಅದಕ್ಕೆ ಬೆಚ್ಚನೆಯ ಪಟ್ಟಿಯೊಂದನ್ನು ಸುತ್ತಬೇಕು.

ಹುಡುಗಿಯರಿಗೆ ಈ ರಾತ್ರಿಯ ವಿದ್ಯೆ ಏತಕ್ಕೆಂದು ಕೇಳಿದವರೂ ಇಲ್ಲದಿಲ್ಲ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ 2019ರಲ್ಲಿ ನಿರ್ದೇಶಕಿಯಾಗಿ ಬಂದವರು ಅನ್ನಪೂರ್ಣಿ ಸುಬ್ರಮಣಿಯಂ ಎಂಬ ಮಹಿಳೆ ಎಂದಷ್ಟೇ ಅವರಿಗೆ ಹೇಳಿದೆವು. ಯಂತ್ರವು ತಾನೇ ಕಾಯುವುದರಿಂದ ಮಕ್ಕಳು ನಿದ್ದೆಗೆಡಬೇಕಾಗಿಯೂ ಇಲ್ಲ. ಉಪಾಧ್ಯಾಯಿನಿಯೊಬ್ಬರ ಸಂಗಡ ಹತ್ತು ಗಂಟೆಯವರೆಗೆ ಅಂಗಳದಲ್ಲಿದ್ದು ಮಲಗಲು ಹೋಗುತ್ತಾರೆ.

ಆದಕಾರಣ 30 ಮಿಲಿಮೀಟರ್ ಕೊಳವೆಯನ್ನೂ ಕಪ್ಪುಬಿಳುಪಿನ ಕ್ಯಾಮೆರಾವನ್ನೂ ಕೊಳ್ಳಲು ನಿಶ್ಚಯಿಸಿದ್ದೇವೆ. ಅಶ್ರಗದ ಸಾಧನವನ್ನು ಬಿಟ್ಟಿದ್ದೇವೆ. ಉಳಿಯುವ ಹಣವು ಇಬ್ಬನಿಯ ಪಟ್ಟಿಗೂ ಗಟ್ಟಿಯಾದ ಮುಕ್ಕಾಲಿಗೂ ಸಲ್ಲುವುದು.