ಬೇರೆ ಊರಿಗೆ ಮ್ಯಾಚ್ ನೋಡಲಿಕ್ಕೆ: ಮೊದಲು ತಿರುಗಿ ಬರುವ ದಾರಿ



ನಮ್ಮ ಕಾಸರಗೋಡು ಜಿಲ್ಲೆಯವರಿಗೆ ಫುಟ್‌ಬಾಲ್ ಹುಚ್ಚು ಹೊಸದಲ್ಲ. ಗದ್ದೆ ಕೊಯ್ಲಾಯಿತು ಅಂದರೆ ಚೆಂಡು ಉರುಳಲಿಕ್ಕೆ ಶುರು. ಮೊಗ್ರಾಲಿನಿಂದ ತೃಕ್ಕರಿಪುರದವರೆಗೆ ಚೆಂಡು ಒದೆಯದ ಊರು ಕಡಿಮೆ. ಒಂದೊಂದು ಕಡೆ ಏಳು ಜನ ಆಡುವ 'ಸೆವೆನ್ಸ್' ಪಂದ್ಯಕ್ಕೆ ನಾವು ಊಟ ಮಾಡಿ ನಡೆದುಕೊಂಡೇ ಹೋಗ್ತೇವೆ. ಆಟ ಮುಗಿದರೆ ನಡೆದುಕೊಂಡೇ ಬರ್ತೇವೆ. ಅದಕ್ಕೆ ಯಾವ ಲೆಕ್ಕಾಚಾರವೂ ಬೇಡ.

ದೊಡ್ಡ ಲೀಗಿನ ಪಂದ್ಯ ಹಾಗಲ್ಲ. ನಮ್ಮಲ್ಲಿ ಹಲವರು ಕೇರಳ ಬ್ಲಾಸ್ಟರ್ಸ್ ತಂಡದ ಅಭಿಮಾನಿಗಳು. ಆ ತಂಡ ಬೆಂಗಳೂರಿಗೆ ಹೋಗಿ ಬೆಂಗಳೂರು ಎಫ್.ಸಿ. ಜೊತೆ ಆಡುವುದುಂಟು. ಹೀಗೆ ಎದುರಾಳಿಯ ಊರಿನಲ್ಲಿ ಆಡುವ ಪಂದ್ಯಕ್ಕೆ 'ಅವೇ ಮ್ಯಾಚ್' ಎನ್ನುತ್ತಾರೆ. ನಮ್ಮ ತಂಡ ಅಲ್ಲಿ ನೆಂಟ, ಅದರ ಹಿಂದೆ ಹೋಗುವ ನಾವೂ ನೆಂಟರು.

ನೆಂಟರ ಮನೆಗೆ ಹೋಗುವಾಗ ಏನು ಕೇಳ್ತೇವೆ? ಯಾವ ಬಸ್ಸು, ಎಷ್ಟು ಹೊತ್ತಿಗೆ ಮುಟ್ಟುವುದು, ತಿರುಗಿ ಬರಲಿಕ್ಕೆ ಕೊನೆಯ ಬಸ್ಸು ಯಾವಾಗ. ಪಂದ್ಯಕ್ಕೆ ಹೋಗುವಾಗಲೂ ಇದನ್ನೇ ಕೇಳಬೇಕು. ಆದರೆ ಕೊನೆಯ ಪ್ರಶ್ನೆಯನ್ನು ಮೊದಲು ಕೇಳಬೇಕು. ಯಾಕೆ? ಮುಂದೆ ಓದಿ.

ಪಂದ್ಯ ಎಷ್ಟು ಹೊತ್ತಿಗೆ ಮುಗಿಯುತ್ತದೆ?

ಇಂಡಿಯನ್ ಸೂಪರ್ ಲೀಗಿನ ಎಷ್ಟೋ ಪಂದ್ಯಗಳು ರಾತ್ರಿ 7.30ಕ್ಕೆ ಶುರುವಾಗಿವೆ. ಅದನ್ನೇ ಹಿಡಿದು ಲೆಕ್ಕ ಹಾಕೋಣ. ಪೆನ್ಸಿಲ್ ತೆಗೆದುಕೊಳ್ಳಿ.

ಮೊದಲ ಅರ್ಧ: 45 ನಿಮಿಷ
ನಡುವೆ ಬಿಡುವು: 15 ನಿಮಿಷ
ಎರಡನೆಯ ಅರ್ಧ: 45 ನಿಮಿಷ
ಆಟ ನಿಂತದ್ದಕ್ಕೆ ರೆಫರಿ ಸೇರಿಸುವ ಹೊತ್ತು: ಸುಮಾರು 10 ನಿಮಿಷ
ಒಟ್ಟು: 115 ನಿಮಿಷ

ಅಂದರೆ ಎರಡು ಗಂಟೆಗೆ ಐದು ನಿಮಿಷ ಕಡಿಮೆ. ಪಂದ್ಯ 9.25ಕ್ಕೆ ಮುಗಿಯಿತು. ಸಾವಿರಾರು ಜನ ಒಟ್ಟಿಗೆ ಎದ್ದು ಗೇಟಿಗೆ ಬರುತ್ತಾರೆ. ಹೊರಗೆ ಬಂದು, ಮೆಟ್ರೋ ಹತ್ತಿ, ಮೆಜೆಸ್ಟಿಕ್ ಮುಟ್ಟುವಾಗ 10.30 ಆಯಿತು ಎಂದೇ ಹಿಡಿಯಿರಿ.

ಈಗ ರೈಲು ನೋಡಿ. ಬೆಂಗಳೂರಿನಿಂದ ಮಂಗಳೂರು, ಕಾಸರಗೋಡು ಮೇಲೆ ಕಣ್ಣೂರಿಗೆ ಹೋಗುವ ರಾತ್ರಿ ರೈಲು ಹೊರಡುತ್ತಾ ಬಂದದ್ದು 9.30ರ ಸುಮಾರಿಗೆ. ಪಂದ್ಯ ಮುಗಿಯುವ ಹೊತ್ತಿಗೆ ರೈಲು ಹೊರಟಾಯಿತು! ರೈಲಿನ ಹೊತ್ತು ಬದಲಾಗಬಹುದು, ಸ್ಟೇಷನ್ನಿನಲ್ಲಿ ಕೇಳಿ. ಆದರೆ ಆ ರೈಲಿಗೇ ಟಿಕೆಟ್ ಮಾಡಿಸಿದರೆ ಎರಡನೆಯ ಅರ್ಧ ಶುರುವಾಗುವ ಮೊದಲೇ ನೀವು ಎದ್ದು ಬರಬೇಕಾಗುತ್ತದೆ. ಅಷ್ಟು ದೂರ ಹೋದದ್ದು ಅರ್ಧ ಆಟ ನೋಡಲಿಕ್ಕೋ?

ಹಾಗಾಗಿ ಬರುವಾಗ ಬಸ್ಸೇ ಅನುಕೂಲ. ಮೆಜೆಸ್ಟಿಕ್ಕಿನ ಕೆಂಪೇಗೌಡ ಬಸ್ ನಿಲ್ದಾಣದಿಂದ ಮಂಗಳೂರಿಗೆ ರಾತ್ರಿ ಬಸ್ಸುಗಳು ಉಂಟು. 11 ಗಂಟೆಯ ನಂತರ ಹೊರಡುವ ಬಸ್ಸಿನಲ್ಲಿ ಸೀಟು ಉಂಟೋ ಎಂದು ಮೊದಲು ನೋಡಿ. ಬೆಳಿಗ್ಗೆ ಮಂಗಳೂರಿನಲ್ಲಿ ಇಳಿದರೆ ಕಾಸರಗೋಡು ಕಡೆಗೆ ಬಸ್ಸಿಗೆ ಬರಗಾಲವಿಲ್ಲ. ಹೋಗುವಾಗ ಮಾತ್ರ ಹಿಂದಿನ ದಿನ ಸಂಜೆ ನಮ್ಮ ಕಡೆಯಿಂದ ಹೊರಡುವ ರೈಲು ಒಳ್ಳೆಯದು. ಮಲಗಿಕೊಂಡು ಹೋಗಿ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿಯಬಹುದು.

ಎಲ್ಲ ಪಂದ್ಯವೂ 9.25ಕ್ಕೆ ಮುಗಿಯುವುದಿಲ್ಲ

ಲೀಗ್ ಪಂದ್ಯ ಸಮ ಆದರೆ ಅಲ್ಲಿಗೇ ಮುಗಿಯಿತು. ಸೋತವರು ಮನೆಗೆ ಹೋಗಬೇಕಾದ ನಾಕೌಟ್ ಪಂದ್ಯದಲ್ಲಿ ಹಾಗಾಗುವುದಿಲ್ಲ. ಇನ್ನೂ 30 ನಿಮಿಷ ಆಡಿಸುತ್ತಾರೆ. ಆಗಲೂ ಸಮ ಆದರೆ ಪೆನಾಲ್ಟಿ ಹೊಡೆಸುತ್ತಾರೆ.

2023ರ ಮಾರ್ಚ್ 3ರಂದು ಬೆಂಗಳೂರಿನ ಶ್ರೀ ಕಂಠೀರವ ಮೈದಾನದಲ್ಲಿ ಇದೇ ಎರಡು ತಂಡಗಳ ನಾಕೌಟ್ ಪಂದ್ಯ ಇತ್ತು. 90 ನಿಮಿಷದಲ್ಲಿ ಯಾರೂ ಗೋಲು ಹೊಡೆಯಲಿಲ್ಲ. ಹೆಚ್ಚಿನ ಹೊತ್ತಿನ ಆಟದಲ್ಲಿ, 96ನೇ ನಿಮಿಷಕ್ಕೆ ಸುನಿಲ್ ಛೆಟ್ರಿ ಫ್ರೀ ಕಿಕ್ಕಿನಲ್ಲಿ ಗೋಲು ಹೊಡೆದರು. ಕೇರಳದವರು ಇನ್ನೂ ತಯಾರಾಗಿ ನಿಂತಿರಲಿಲ್ಲ. ಗೋಲು ಸರಿಯಲ್ಲ ಎಂದು ಕೇರಳ ತಂಡ ಮೈದಾನ ಬಿಟ್ಟು ಹೊರಗೆ ಹೋಯಿತು. ಸ್ವಲ್ಪ ಹೊತ್ತು ಕಾದು, ಬೆಂಗಳೂರು ಗೆದ್ದಿದೆ ಎಂದು ಸಾರಿದರು. ಅಂಥ ರಾತ್ರಿ ಪಂದ್ಯ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಮೊದಲೇ ಹೇಳುವವರು ಯಾರು?

ಆದ್ದರಿಂದ ಪಂದ್ಯ ಲೀಗಿನದ್ದೋ ನಾಕೌಟೋ ಎಂದು ಮೊದಲು ತಿಳಿದುಕೊಳ್ಳಿ. ನಾಕೌಟ್ ಆದರೆ ಬಸ್ಸಿನ ಹೊತ್ತು ಇನ್ನೊಂದು ಗಂಟೆ ಮುಂದಕ್ಕೆ ಹಾಕಿ. ಅಷ್ಟು ತಡವಾಗಿ ಬಸ್ಸಿಲ್ಲದಿದ್ದರೆ ರಾತ್ರಿ ಉಳಿಯುವ ಜಾಗ ನೋಡಿಕೊಂಡೇ ಹೊರಡಿ.

ಇನ್ನೊಂದು ಮಾತು. ಪಂದ್ಯದ ಪಟ್ಟಿ ಬಂತು ಎಂದ ಕೂಡಲೇ ಹಣ ಸುರಿಯಬೇಡಿ. ದಿನ, ಹೊತ್ತು, ಮೈದಾನ ಎಲ್ಲವೂ ಬದಲಾಗುವುದುಂಟು. 2025ರಲ್ಲಿ ಈ ಲೀಗ್ ಶುರುವಾಗುವುದೇ ತಡವಾಯಿತು. ಪಂದ್ಯದ ವಾರ ಇನ್ನೊಮ್ಮೆ ದಿನಾಂಕ ನೋಡಿ.

ರೈಲಿನ ಟಿಕೆಟು ಓದುವುದು ಹೇಗೆ?

ರೈಲಿನ ಸೀಟನ್ನು 60 ದಿನ ಮೊದಲು ಕಾದಿರಿಸಬಹುದು. 2024ರ ನವೆಂಬರ್ 1ರಿಂದ ಈ ನಿಯಮ ಬಂದಿದೆ. ಅದಕ್ಕೆ ಮೊದಲು 120 ದಿನ ಇತ್ತು. ಹಿಂದಿನ ದಿನ ಸಿಗುವುದು ತತ್ಕಾಲ್ ಟಿಕೆಟು. ಸ್ಲೀಪರ್ ಡಬ್ಬಿಯ ತತ್ಕಾಲ್ ಬೆಳಿಗ್ಗೆ 11 ಗಂಟೆಗೆ ಶುರು. ಅದಕ್ಕೆ ಹಣ ಹೆಚ್ಚು, ಸಿಗುವ ಭರವಸೆ ಕಡಿಮೆ.

ಕೌಂಟರಿನಲ್ಲಿ ಒಂದು ಫಾರಂ ಕೊಡುತ್ತಾರೆ. ಹೆಸರು, ಪ್ರಾಯ, ದಿನಾಂಕ, ಎಲ್ಲಿಂದ ಎಲ್ಲಿಗೆ ಎಂದು ಬರೆಯಬೇಕು. ನೀವೇ ಬರೆಯಿರಿ. ಆ ಭಾಷೆ ಬಾರದಿದ್ದರೆ ಬೇರೆಯವರಿಂದ ಬರೆಸಿ. ಆದರೆ ಟಿಕೆಟು ಕೈಗೆ ಬಂದ ಮೇಲೆ ಕೌಂಟರ್ ಬಿಟ್ಟು ಹೋಗುವ ಮೊದಲು ಈ ನಾಲ್ಕು ವಿಷಯ ನೋಡಿ.

1. ದಿನಾಂಕ. ರಾತ್ರಿ ಪ್ರಯಾಣಕ್ಕೆ ಇದರಲ್ಲಿ ತುಂಬಾ ಜನ ಎಡವುತ್ತಾರೆ. ನಾವು 'ಶನಿವಾರ ರಾತ್ರಿ ಹನ್ನೆರಡೂ ಕಾಲು' ಅಂತೇವೆ. ಟಿಕೆಟಿನಲ್ಲಿ ಅದು ಆದಿತ್ಯವಾರ. 12 ಗಂಟೆ ದಾಟಿದರೆ ತಾರೀಕು ಬದಲು. ಬಸ್ಸಿನ ಟಿಕೆಟಿಗೂ ಇದೇ ಲೆಕ್ಕ.

2. ಸ್ಟೇಷನ್ನಿನ ಹೆಸರು. ಬೆಂಗಳೂರಿನಲ್ಲಿ ಯಶವಂತಪುರ, ದಂಡು, ವಿಶ್ವೇಶ್ವರಯ್ಯ ಟರ್ಮಿನಲ್ ಎಂದು ಹಲವು ಸ್ಟೇಷನ್‌ಗಳು ಉಂಟು. ಮೆಜೆಸ್ಟಿಕ್ ಹತ್ತಿರದ್ದು ಕೆ.ಎಸ್.ಆರ್. ಬೆಂಗಳೂರು. ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು ಅದು.

3. ಸೀಟು. 'ಡಬ್ಲ್ಯು.ಎಲ್.' ಎಂದಿದ್ದರೆ ಕಾಯುವ ಪಟ್ಟಿ. ಸೀಟು ಸಿಕ್ಕಿಲ್ಲ. ಆ ಟಿಕೆಟಿನಲ್ಲಿ ಸ್ಲೀಪರ್ ಡಬ್ಬಿ ಹತ್ತುವ ಹಾಗಿಲ್ಲ. 'ಆರ್.ಎ.ಸಿ.' ಎಂದಿದ್ದರೆ ಹತ್ತಬಹುದು, ಕೂರಲಿಕ್ಕೆ ಜಾಗ ಉಂಟು. ಮಲಗುವ ಸೀಟನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳಬೇಕು.

4. ಪಿ.ಎನ್.ಆರ್. ಸಂಖ್ಯೆ. 10 ಅಂಕೆ ಇರುತ್ತದೆ. ಅದನ್ನು ನೋಟು ಪುಸ್ತಕದಲ್ಲಿ ಬರೆದಿಡಿ. ಕಾಯುವ ಪಟ್ಟಿಯಲ್ಲಿದ್ದ ಟಿಕೆಟಿಗೆ ಸೀಟು ಸಿಕ್ಕಿತೋ ಎಂದು ಇದರಿಂದಲೇ ಗೊತ್ತಾಗುವುದು. ಆಧಾರ್ ಕಾರ್ಡನ್ನೂ ಮರೆಯಬೇಡಿ.

ಪಂದ್ಯದ ಟಿಕೆಟು

ತಿರುಗಿ ಬರುವ ಸೀಟು ಉಂಟು ಎಂದು ಗೊತ್ತಾದ ಮೇಲೆ ಪಂದ್ಯದ ಟಿಕೆಟು ಕೊಳ್ಳಿ. ರೈಲಿನ ಟಿಕೆಟನ್ನು ರದ್ದು ಮಾಡಿದರೆ ಸ್ವಲ್ಪ ಹಣ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಪಂದ್ಯದ ಟಿಕೆಟಿಗೆ ಸಾಮಾನ್ಯವಾಗಿ ಹಣ ವಾಪಸ್ಸು ಇಲ್ಲ.

ಈ ಟಿಕೆಟು ಹೆಚ್ಚಾಗಿ ಮೊಬೈಲಿನಲ್ಲೇ ಮಾರಾಟ. ನಿಮಗೆ ಬಾರದಿದ್ದರೆ ಮನೆಯ ಮಕ್ಕಳಿಂದ ಮಾಡಿಸಿ. ಅಕ್ಷಯ ಕೇಂದ್ರದಲ್ಲೂ ಕೇಳಿ ನೋಡಿ. ಯಾವ ಗ್ಯಾಲರಿ ಎಂದು ಕೇಳಿದಾಗ ಬೆಲೆ ಮಾತ್ರ ನೋಡಬೇಡಿ. ಬೆಂಗಳೂರಿನ ಅಭಿಮಾನಿ ಬಳಗದ ಹೆಸರು 'ವೆಸ್ಟ್ ಬ್ಲಾಕ್ ಬ್ಲೂಸ್'. ಪಶ್ಚಿಮ ಗ್ಯಾಲರಿಯಿಂದ ಬಂದ ಹೆಸರು. ಅವರ ಬಣ್ಣ ನೀಲಿ. ಕೇರಳದ ಬಳಗ 'ಮಂಞಪ್ಪಡ', ಅಂದರೆ ಹಳದಿ ಪಡೆ. ಹಳದಿ ಅಂಗಿ ಹಾಕಿ ನೀಲಿಯವರ ನಡುವೆ ಕೂತರೆ ನಿಮಗೂ ನೆಮ್ಮದಿ ಇಲ್ಲ, ಅವರಿಗೂ ಇಲ್ಲ. ಎದುರು ತಂಡದವರಿಗೆ ಬೇರೆ ಗ್ಯಾಲರಿ ಇಟ್ಟಿದ್ದರೆ ಅದನ್ನೇ ಕೇಳಿ.

ಮೊಬೈಲಿಗೆ ಬಂದ ಟಿಕೆಟಿನಲ್ಲಿ ಕಪ್ಪು ಚುಕ್ಕಿಗಳ ಒಂದು ಚೌಕ ಇರುತ್ತದೆ. ಗೇಟಿನಲ್ಲಿ ಅದನ್ನೇ ಮೆಷಿನ್ನಿಗೆ ತೋರಿಸುವುದು. ಸಂತೋಷ ತಡೆಯದೆ ಅದರ ಫೋಟೋವನ್ನು ವಾಟ್ಸಾಪಿನಲ್ಲಿ ಹಾಕಬೇಡಿ. ಬೇರೆ ಯಾರಾದರೂ ಅದನ್ನು ತೋರಿಸಿ ಮೊದಲು ಒಳಗೆ ಹೋದರೆ ನೀವು ಹೊರಗೆ! ಗೇಟಿನ ಹತ್ತಿರ ಕಾಳಸಂತೆಯಲ್ಲಿ ಮಾರುವವರಿಂದಲೂ ಕೊಳ್ಳಬೇಡಿ. ಅದು ಸಾಚಾವೋ ಸುಳ್ಳೋ ಎಂದು ನೋಡಿ ಹೇಳಲಾಗುವುದಿಲ್ಲ.

ಟಿಕೆಟ್ ಸಿಗಲಿಲ್ಲವೋ? ಮನೆಯಲ್ಲೇ ಟಿ.ವಿ. ನೋಡಿ. 'ಅಲ್ಲಿ ಹೋದರೆ ಹೇಗೋ ಆಗ್ತದೆ' ಎಂದು ಹೊರಡಬೇಡಿ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರಿಕೆಟ್ ಮೈದಾನದ ಗೇಟುಗಳ ಬಳಿ ಜನ ಮುಗಿಬಿದ್ದು ಕಾಲ್ತುಳಿತದಲ್ಲಿ 11 ಜನ ಸತ್ತರು. ಗೆಲುವಿನ ಸಂಭ್ರಮ ನೋಡಲು ಬಂದವರು ಅವರು. ಗೇಟಿನಲ್ಲಿ ನೂಕಾಟ ಕಂಡರೆ ಹಿಂದೆ ಸರಿಯಿರಿ. ಹತ್ತು ನಿಮಿಷದ ಆಟ ತಪ್ಪಿದರೆ ತಪ್ಪಲಿ.

ಬೆಂಗಳೂರಿನಲ್ಲಿ ದಾರಿ

ಕೆ.ಎಸ್.ಆರ್. ಸ್ಟೇಷನ್ನಿನಲ್ಲಿ ಇಳಿದರೆ ಎದುರಿಗೇ ಮೆಜೆಸ್ಟಿಕ್. ಅಲ್ಲಿ ನೇರಳೆ ಬಣ್ಣದ ಮೆಟ್ರೋ ಮಾರ್ಗ ಹಿಡಿಯಿರಿ. ವೈಟ್‌ಫೀಲ್ಡ್ ಕಡೆಗೆ ಹೋಗುವ ರೈಲು ಹತ್ತಿ. ಮೂರನೆಯ ನಿಲ್ದಾಣ ಕಬ್ಬನ್ ಪಾರ್ಕ್. ಅಲ್ಲಿ ಇಳಿದು ಕಂಠೀರವ ಮೈದಾನಕ್ಕೆ ದಾರಿ ಕೇಳಿ. 'ಸ್ಟೇಡಿಯಂ ಎಲ್ಲಿ' ಎಂದು ಮಾತ್ರ ಕೇಳಿದರೆ ಚಿನ್ನಸ್ವಾಮಿ ಮೈದಾನ ತೋರಿಸಿಯಾರು. ಅದೂ ಅಲ್ಲೇ ಹತ್ತಿರ ಉಂಟು. ಕೊನೆಯ ಮೆಟ್ರೋ ಎಷ್ಟು ಹೊತ್ತಿಗೆ ಎಂದು ಇಳಿಯುವಾಗಲೇ ವಿಚಾರಿಸಿ.

ಚೀಲವನ್ನು ರೈಲ್ವೆ ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಬೀಗ ಹಾಕಿ ಇಡಿ, ರಶೀದಿ ಜೋಪಾನ. ದೊಡ್ಡ ಚೀಲ, ನೀರಿನ ಬಾಟ್ಲಿ, ಬೆಂಕಿಪೆಟ್ಟಿಗೆ ಇವನ್ನೆಲ್ಲ ಮೈದಾನದ ಒಳಗೆ ಸಾಮಾನ್ಯವಾಗಿ ಬಿಡುವುದಿಲ್ಲ.

ಇಲ್ಲಿ ನಮಗೊಂದು ಅನುಕೂಲ ಉಂಟು. ಕಾಸರಗೋಡಿನ ಪೇಟೆಯಲ್ಲಿ ಎಷ್ಟೋ ಬೋರ್ಡು ಮಲಯಾಳದಲ್ಲಿ ಇರುತ್ತದೆ. ಬೆಂಗಳೂರಿನಲ್ಲಿ ಮೆಟ್ರೋ, ಬಸ್ಸು, ರಸ್ತೆ ಎಲ್ಲ ಕಡೆ ಕನ್ನಡ. ನೀವು ಕಲಿತ ಅಕ್ಷರ ಅಲ್ಲಿ ತಲೆಯ ಮೇಲೇ ಕಾಣುತ್ತದೆ. ನಿಮ್ಮ ಜೊತೆ ಬಂದ ಮಲಯಾಳಿ ಗೆಳೆಯರಿಗೂ ನೀವೇ ಓದಿ ಹೇಳುವವರು. ಜಗಳ ಬರುವ ಹಾಗಿದ್ದರೆ ಕನ್ನಡದಲ್ಲೇ ಎರಡು ಒಳ್ಳೆಯ ಮಾತಾಡಿ. ಅಂಗಿ ಹಳದಿಯಾದರೂ ಮಾತು ಅವರದ್ದೇ ಅಲ್ಲವೇ?

ರಾತ್ರಿ ಬೈಕು ಬೇಡ

2022ರ ಮಾರ್ಚ್ 20ರಂದು ಗೋವಾದ ಫತೋರ್ಡಾದಲ್ಲಿ ಲೀಗಿನ ಫೈನಲ್. ಕೊರೋನಾ ಕಾಲದ ನಂತರ ಜನರನ್ನು ಒಳಗೆ ಬಿಟ್ಟ ಪಂದ್ಯ ಅದು. ಕೇರಳದಿಂದ ಸಾವಿರಾರು ಜನ ಹೊರಟರು. ಮಲಪ್ಪುರಂ ಜಿಲ್ಲೆಯ ಇಬ್ಬರು ಹುಡುಗರು ಬೈಕಿನಲ್ಲಿ ಹೊರಟಿದ್ದರು. ನಮ್ಮದೇ ಜಿಲ್ಲೆಯ ಉದುಮದಲ್ಲಿ ಅಪಘಾತವಾಗಿ ಇಬ್ಬರೂ ತೀರಿಹೋದರು. ಆ ರಾತ್ರಿ ಪಂದ್ಯ 1-1 ಸಮವಾಗಿ, ಪೆನಾಲ್ಟಿಯಲ್ಲಿ ಹೈದರಾಬಾದ್ ಗೆದ್ದಿತು. ಆ ಎರಡು ಮನೆಯವರಿಗೆ ಯಾರು ಗೆದ್ದರೇನು?

ನಿದ್ದೆಗೆಟ್ಟು ನೂರಾರು ಕಿಲೋಮೀಟರ್ ಬೈಕ್ ಓಡಿಸುವುದು ಬೇಡ. ಮನೆಯಲ್ಲಿ ಗಂಡು ಮಕ್ಕಳು ಹೀಗೆ ಹೊರಟರೆ ಅಮ್ಮಂದಿರೇ, ಅಕ್ಕಂದಿರೇ, ಗಟ್ಟಿಯಾಗಿ ಹೇಳಿ. ಹೋಗಬೇಡ ಎನ್ನಬೇಡಿ. 'ರೈಲಿನ ಟಿಕೆಟು ತೋರಿಸು, ಆಮೇಲೆ ಹೋಗು' ಎನ್ನಿ.

ಹಣದ ಲೆಕ್ಕ

ಇವು ಲೆಕ್ಕ ಕಲಿಯಲಿಕ್ಕೆ ಹಾಕಿದ ಸಂಖ್ಯೆಗಳು. ನಿಜವಾದ ದರ ನೀವೇ ವಿಚಾರಿಸಿ ಬರೆಯಿರಿ.

ಹೋಗುವ ರೈಲು: 300 ರೂ.
ಮೆಟ್ರೋ, ಎರಡು ಸಲ: 60 ರೂ.
ಪಂದ್ಯದ ಟಿಕೆಟು: 400 ರೂ.
ಊಟ, ತಿಂಡಿ, ಚಾ: 400 ರೂ.
ಬರುವ ಬಸ್ಸು: 800 ರೂ.
ಮಂಗಳೂರಿನಿಂದ ಊರಿಗೆ: 90 ರೂ.
ಕಷ್ಟಕಾಲಕ್ಕೆ ಕೈಯಲ್ಲಿ: 500 ರೂ.
ಒಟ್ಟು: 2,550 ರೂ.

ಇದಕ್ಕೆ ಇನ್ನೊಂದು ಸಾಲು ಸೇರಿಸಿ. ಕೆಲಸಕ್ಕೆ ಹೋಗದ ದಿನಗಳ ಕೂಲಿ. ಅದನ್ನು ಯಾರೂ ನಮ್ಮಿಂದ ಕೇಳುವುದಿಲ್ಲ, ಆದರೆ ಮನೆಯ ಅಕ್ಕಿ ಡಬ್ಬಿಗೆ ಗೊತ್ತಾಗುತ್ತದೆ. ಎಲ್ಲ ಕೂಡಿಸಿದ ಮೇಲೂ ಆಗುತ್ತದೆ ಎನಿಸಿದರೆ ಸಂತೋಷದಿಂದ ಹೋಗಿ ಬನ್ನಿ. ಆಗದು ಎನಿಸಿದರೆ ತಿಂಗಳಿಗಿಷ್ಟು ಎಂದು ಈಗಲೇ ಕೂಡಿಡಿ, ಮುಂದಿನ ವರ್ಷ ಹೋಗಬಹುದು.

ಬರೆದು ನೋಡಿ

1. ಪಂದ್ಯ ಸಂಜೆ 5 ಗಂಟೆಗೆ ಶುರುವಾದರೆ ಎಷ್ಟು ಹೊತ್ತಿಗೆ ಮುಗಿಯುತ್ತದೆ? ಆಗ ರಾತ್ರಿ ರೈಲು ಸಿಗುತ್ತದೆಯೇ?
2. ಬಸ್ಸು ಶುಕ್ರವಾರ ರಾತ್ರಿ 12.30ಕ್ಕೆ ಹೊರಡುತ್ತದೆ. ಟಿಕೆಟಿನಲ್ಲಿ ಯಾವ ವಾರ ಇರುತ್ತದೆ?
3. ನಿಮ್ಮ ಊರಿನಿಂದ ಬೆಂಗಳೂರಿಗೆ ಹೋಗಿ ಬರುವ ಖರ್ಚಿನ ಪಟ್ಟಿ ಮಾಡಿ. ತಿರುಗಿ ಬರುವ ಖರ್ಚನ್ನು ಮೊದಲ ಸಾಲಿನಲ್ಲಿ ಬರೆಯಿರಿ.

ಬರೆದದ್ದನ್ನು ಕೇಂದ್ರಕ್ಕೆ ತನ್ನಿ. ಎಲ್ಲರೂ ಕೂಡಿ ಓದೋಣ.