ಗೋಲು ಹೊಡೆಯದವನ ಲೆಕ್ಕ

ಬಂಗಾರಪೇಟೆಯಿಂದ ಒಂದು ಫೋನ್ ಬಂದಿತ್ತು. "ರಾತ್ರಿ ಒಂಬತ್ತಕ್ಕೆ ಬರ್ತಾನಲ್ಲ, ಆ ಹುಡುಗನ ಹತ್ರಾನೇ ಮಾತಾಡ್ಬೇಕು" ಅಂತ ನಮ್ಮ ಆಫೀಸಿನವರನ್ನ ಅರ್ಧ ಗಂಟೆ ಬಿಟ್ಟಿರಲಿಲ್ಲವಂತೆ. ಕೊನೆಗೆ ನಾನೇ ರಿಸೀವರ್ ತಗೊಂಡೆ. ಆ ಕಡೆ ವಯಸ್ಸಾದ ದನಿ.

"ನಿನ್ನೆ ಮೆಲ್ಬರ್ನ್ ಕಥೆ ಹೇಳಿದೆಯಲ್ಲಪ್ಪಾ, ಚೆನ್ನಾಗಿತ್ತು. ಆದರೆ ನಮ್ಮ ಕೆಂಪಯ್ಯನ್ನ ಎಲ್ಲಿ ಬಿಟ್ಟೆ?"

ನಿಜ ಹೇಳ್ತೀನಿ, ಒಂದು ಕ್ಷಣ ನನಗೆ ಮಾತೇ ಹೊರಡಲಿಲ್ಲ. ಹಿಂದಿನ ರಾತ್ರಿ ನಾನು 1956ರ ಮೆಲ್ಬರ್ನ್ ಒಲಿಂಪಿಕ್ಸ್ ಬಗ್ಗೆ ಮಾತಾಡಿದ್ದೆ. ಭಾರತದ ಫುಟ್‌ಬಾಲ್ ತಂಡ ಜಗತ್ತಿನಲ್ಲೇ ನಾಲ್ಕನೇ ಸ್ಥಾನಕ್ಕೆ ಬಂದ ವರ್ಷ ಅದು. ಆಸ್ಟ್ರೇಲಿಯಾವನ್ನು ಅವರದೇ ನೆಲದಲ್ಲಿ 4-2ರಿಂದ ಸೋಲಿಸಿದ್ದು, ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದದ್ದು, ಪಿ.ಕೆ. ಬ್ಯಾನರ್ಜಿ, ಬಲರಾಮ್, ಕೋಚ್ ರಹೀಂ ಸಾಹೇಬರು, ಎಲ್ಲರ ಹೆಸರೂ ಹೇಳಿದ್ದೆ. ಆದರೆ ಆ ತಂಡದಲ್ಲಿದ್ದ ನಮ್ಮ ಮೈಸೂರು ರಾಜ್ಯದ ಎಂ. ಕೆಂಪಯ್ಯನವರ ಹೆಸರು ನನ್ನ ಬಾಯಿಂದ ಬರಲೇ ಇಲ್ಲ. ಕನ್ನಡ ಚಾನೆಲ್ಲಿನಲ್ಲಿ ಕೂತು, ಕನ್ನಡ ನಾಡಿನ ಆಟಗಾರನನ್ನೇ ಮರೆತಿದ್ದೆ. ತಪ್ಪು ನನ್ನದೇ.

ಯಾಕೆ ಮರೆತೆ? ಉತ್ತರ ಸುಲಭ. ಅವರು ಗೋಲು ಹೊಡೆಯೋ ಜಾಗದಲ್ಲಿ ಆಡ್ತಿರಲಿಲ್ಲ.

ಕೆಂಪಯ್ಯ ಹಾಫ್ ಬ್ಯಾಕ್. ಈಗಿನ ಹುಡುಗರಿಗೆ ಈ ಪದವೇ ಗೊತ್ತಿರಲಿಕ್ಕಿಲ್ಲ, ಸ್ವಲ್ಪ ಬಿಡಿಸಿ ಹೇಳ್ತೀನಿ. ಹಳೇ ಕಾಲದ ಫುಟ್‌ಬಾಲಿನಲ್ಲಿ ಗೋಲ್‌ಕೀಪರ್ ಮುಂದೆ ಇಬ್ಬರು ಬ್ಯಾಕ್, ಅವರ ಮುಂದೆ ಮೂವರು ಹಾಫ್ ಬ್ಯಾಕ್, ಅವರ ಮುಂದೆ ಐವರು ಫಾರ್ವರ್ಡ್. ಹಾಫ್ ಬ್ಯಾಕ್ ಅಂದ್ರೆ ನಡುಮನೆಯ ಕಂಬ ಇದ್ದ ಹಾಗೆ. ಎದುರಾಳಿ ನುಗ್ಗಿದರೆ ತಡೆಯಬೇಕು. ಚೆಂಡು ಸಿಕ್ಕಿದ ತಕ್ಷಣ ಮುಂದಿನವರಿಗೆ ಮೊದಲ ಪಾಸ್ ಕೊಡಬೇಕು. ತೊಂಬತ್ತು ನಿಮಿಷ ಮುಂದಕ್ಕೂ ಹಿಂದಕ್ಕೂ ಓಡಿ ಓಡಿ, ಸ್ಕೋರ್‌ಬೋರ್ಡಿನಲ್ಲಿ ಮಾತ್ರ ಅವನ ಹೆಸರಿರಲ್ಲ.

1925ರಲ್ಲಿ ಆಫ್‌ಸೈಡ್ ನಿಯಮ ಬದಲಾಯಿತು. ಅದಕ್ಕೂ ಮೊದಲು ಫಾರ್ವರ್ಡ್ ಆಟಗಾರ ಮತ್ತು ಗೋಲ್‌ಲೈನ್ ನಡುವೆ ಎದುರಾಳಿಯ ಮೂವರು ಇರಬೇಕಿತ್ತು, ಆಮೇಲೆ ಇಬ್ಬರಿದ್ದರೆ ಸಾಕು ಅಂತಾಯಿತು. ಗೋಲುಗಳ ಮಳೆಯೇ ಸುರಿಯಿತು. ಅದನ್ನು ತಡೆಯೋಕೆ ನಡುವಿನ ಹಾಫ್ ಬ್ಯಾಕನ್ನು ಹಿಂದಕ್ಕೆ ಎಳೆದು ಮೂರನೇ ಬ್ಯಾಕ್ ಮಾಡಿದರು. ಅಂದ್ರೆ ರಕ್ಷಣೆ ಅನ್ನೋದು ಕಾಲಿನ ಬಲದ ಕೆಲಸವಷ್ಟೇ ಆಗಿ ಉಳಿಯಲಿಲ್ಲ, ಲೆಕ್ಕದ ಕೆಲಸವೂ ಆಯಿತು. ಎಲ್ಲಿ ನಿಲ್ಲಬೇಕು, ಯಾವಾಗ ಮುಂದೆ ಹೋಗಬೇಕು, ಯಾರನ್ನು ಬಿಡಬಾರದು.

ಈ ಲೆಕ್ಕದಲ್ಲಿ ಪಳಗಿದ ದೊಡ್ಡ ಹೆಸರು ಇಂಗ್ಲೆಂಡಿನ ಬಿಲ್ಲಿ ರೈಟ್. ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್ ಒಂದೇ ಕ್ಲಬ್ಬು, ಜೀವಮಾನವೆಲ್ಲ ಅಲ್ಲೇ. 1938ರಲ್ಲಿ ಹದಿನಾಲ್ಕರ ಹುಡುಗ ಮೈದಾನ ನೋಡಿಕೊಳ್ಳೋ ಕೆಲಸಕ್ಕೆ ಸೇರಿದ. 'ನೀನು ತೀರಾ ಕುಳ್ಳ' ಅಂತ ಮ್ಯಾನೇಜರ್ ಮನೆಗೆ ಕಳಿಸೋದರಲ್ಲಿದ್ದರು. ಅದೇ ಹುಡುಗ ಇಂಗ್ಲೆಂಡ್ ಪರ 105 ಪಂದ್ಯ ಆಡಿದ. ಅದರಲ್ಲಿ 90 ಪಂದ್ಯಕ್ಕೆ ಅವನೇ ಕ್ಯಾಪ್ಟನ್. ನೂರು ಅಂತಾರಾಷ್ಟ್ರೀಯ ಪಂದ್ಯ ಮುಟ್ಟಿದ ಜಗತ್ತಿನ ಮೊದಲ ಫುಟ್‌ಬಾಲ್ ಆಟಗಾರ ಅವನೇ. 1959ರಲ್ಲಿ ಬೂಟು ಬಿಚ್ಚಿಟ್ಟಾಗ, ಒಂದು ಸಲವೂ ಮೈದಾನದಿಂದ ಹೊರಹಾಕಿಸಿಕೊಂಡವನಲ್ಲ.

ಅವನೂ ಮೊದಲು ಕೆಂಪಯ್ಯನವರ ಹಾಗೆ ಹಾಫ್ ಬ್ಯಾಕ್. 1954ರ ವಿಶ್ವಕಪ್ಪಿನಲ್ಲಿ ನಡುವಿನ ಬ್ಯಾಕ್ ಜಾಗಕ್ಕೆ ಬಂದ. ಆ ಜಾಗಕ್ಕೆ ಎತ್ತರದ ಆಳು ಬೇಕು ಅಂತ ಎಲ್ಲರೂ ನಂಬಿದ್ದ ಕಾಲ ಅದು. ಇವನು ಐದು ಅಡಿ ಎಂಟು ಇಂಚು. ಆದರೂ ಐದು ವರ್ಷ ಅಲ್ಲಿಂದ ಕದಲಲಿಲ್ಲ.

ಆದರೆ ಇವತ್ತು ಜನ ಬಿಲ್ಲಿ ರೈಟ್‌ನ ಯಾವ ವಿಡಿಯೊ ನೋಡ್ತಾರೆ ಗೊತ್ತಾ? 1953ರ ನವೆಂಬರ್, ವೆಂಬ್ಲಿ ಮೈದಾನ. ಹಂಗೇರಿ ಇಂಗ್ಲೆಂಡನ್ನು 6-3ರಿಂದ ಮಣ್ಣುಮುಕ್ಕಿಸಿದ ದಿನ. ಪುಷ್ಕಾಸ್ ಚೆಂಡನ್ನು ಅಂಗಾಲಿನಲ್ಲಿ ಹಿಂದಕ್ಕೆ ಎಳೆದುಕೊಳ್ಳುತ್ತಾನೆ, ರೈಟ್ ಖಾಲಿ ಜಾಗಕ್ಕೆ ಜಾರಿಕೊಂಡು ಹೋಗುತ್ತಾನೆ, ಗೋಲು. 105 ಪಂದ್ಯ ಆಡಿದವನ ನೆನಪಿಗೆ ಉಳಿದದ್ದು ಆ ಎರಡು ಸೆಕೆಂಡ್!

ನಮ್ಮಲ್ಲೂ ಅದೇ ಕಥೆ. 1948ರ ಲಂಡನ್ ಒಲಿಂಪಿಕ್ಸ್, ಫ್ರಾನ್ಸ್ ವಿರುದ್ಧ ಪಂದ್ಯ. ನಮ್ಮವರಲ್ಲಿ ಬಹುತೇಕರು ಬರಿಗಾಲಲ್ಲಿ ಆಡಿದರು. ಭಾರತದ ಒಂದೇ ಗೋಲು ಹೊಡೆದದ್ದು ಬೆಂಗಳೂರಿನ ಸಾರಂಗಪಾಣಿ ರಾಮನ್. ನಾವು ಸೋತದ್ದು 1-2ರಿಂದ. ಅವತ್ತು ಭಾರತ ಎರಡು ಪೆನಾಲ್ಟಿ ತಪ್ಪಿಸಿಕೊಂಡಿತು. ಅದರಲ್ಲಿ ಒಂದು ಬ್ಯಾಕ್ ಆಟಗಾರ ಶೈಲೇನ್ ಮನ್ನಾ ಹೊಡೆದದ್ದು. ರಾಮನ್ ಹೆಸರಿಗೆ ಗೋಲಾದರೂ ಜಮಾ ಇದೆ. ಮನ್ನಾ ಮಾತ್ರ ಜೀವನಪೂರ್ತಿ ಆ ಪೆನಾಲ್ಟಿಗೆ ಉತ್ತರ ಕೊಡ್ತಾ ಇರಬೇಕಾಯಿತು. ಹತ್ತೊಂಬತ್ತು ವರ್ಷ ಮೋಹನ್ ಬಗಾನ್ ಒಂದಕ್ಕೇ ಆಡಿದವರು, 1951ರ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಕ್ಯಾಪ್ಟನ್ ಆಗಿ ಚಿನ್ನ ತಂದವರು ಅವರು.

ನೋಡಿ, ಇಲ್ಲೇ ಇರೋದು ವಿಷಯ. ಫಾರ್ವರ್ಡ್ ಒಂಬತ್ತು ಸಲ ತಪ್ಪಿ ಹತ್ತನೇ ಸಲ ಹೊಡೆದರೆ ಹೀರೊ. ಬ್ಯಾಕ್ ಒಂಬತ್ತು ಸಲ ತಡೆದು ಹತ್ತನೇ ಸಲ ತಪ್ಪಿದರೆ ಖಳನಾಯಕ. ನಾನು ಇಂಜಿನಿಯರಿಂಗ್ ಓದಿದವನು. ಸೇತುವೆ ನಿಂತಿರೋವಷ್ಟು ದಿನ ಯಾರೂ ಇಂಜಿನಿಯರ್ ಹೆಸರು ಕೇಳಲ್ಲ, ಬಿದ್ದ ದಿನ ಎಲ್ಲರೂ ಕೇಳ್ತಾರೆ. ಹಾಗೇ ಇದು.

ಈಗ ಕೆಂಪಯ್ಯನವರ ಲೆಕ್ಕ ನೋಡಿ. ಮೆಲ್ಬರ್ನ್ ಆದ ಮೇಲೆ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲೂ ಅವರಿದ್ದರು. ನಾಲ್ಕು ವರ್ಷ ಕಳೆದರೂ ತಂಡದಲ್ಲಿ ಜಾಗ ಉಳಿಸಿಕೊಳ್ಳೋದು ಸಣ್ಣ ಮಾತಲ್ಲ. ಆಗ ಆಟಗಾರನಿಗೆ ಹೆಸರೂ ಅನ್ನವೂ ಸಿಗ್ತಿದ್ದದ್ದು ಕೋಲ್ಕತ್ತಾದಲ್ಲಿ. ಬೆಂಗಳೂರಿನ ಅಹ್ಮದ್ ಖಾನ್, ಧನರಾಜ್ ಈಸ್ಟ್ ಬೆಂಗಾಲ್ ಸೇರಿ 'ಪಂಚಪಾಂಡವ'ರಲ್ಲಿ ಇಬ್ಬರಾದರು. ಆ ಐವರೂ ಫಾರ್ವರ್ಡ್‌ಗಳೇ, ಗಮನಿಸಿ! ಕೆಂಪಯ್ಯ ಹೋದದ್ದು ಮೋಹನ್ ಬಗಾನ್‌ಗೆ. ರೋಮ್‌ನಲ್ಲಿ ಭಾರತ ಫ್ರಾನ್ಸ್ ಜೊತೆ 1-1 ಸಮ ಮಾಡಿಕೊಂಡಿತು. ಇಂಗ್ಲೆಂಡಿಗೆ ಆರು ಗೋಲು ಹಾಕಿದ್ದ ಹಂಗೇರಿಯವರ ಒಲಿಂಪಿಕ್ಸ್ ತಂಡಕ್ಕೆ ಸೋತದ್ದು ಬರೀ 1-2ರಿಂದ. ಆ ಹಂಗೇರಿ ಕಂಚು ಗೆದ್ದಿತು. ಎರಡೇ ಗೋಲಿಗೆ ಅವರನ್ನು ನಿಲ್ಲಿಸಿದ್ದು ಯಾರು? ಫಾರ್ವರ್ಡ್‌ಗಳಂತೂ ಅಲ್ಲ. ಅಲ್ಲಿಂದ ಇಲ್ಲಿಯವರೆಗೆ ಭಾರತದ ಫುಟ್‌ಬಾಲ್ ತಂಡ ಒಲಿಂಪಿಕ್ಸ್ ಮೆಟ್ಟಿಲು ಹತ್ತಿಲ್ಲ.

ಒಂದು ಭಾನುವಾರ ಬಂಗಾರಪೇಟೆಗೆ ಹೋದೆ. ಫೋನ್ ಮಾಡಿದ್ದ ಹಿರಿಯರನ್ನು ಕರಕೊಂಡು ಮಾರಿಕುಪ್ಪಂ ರೈಲು ಹತ್ತಿದೆ. ಊರ್ಗಾಂ ದಾಟಿ ಚಾಂಪಿಯನ್ ಬಂದಾಗ ಕಿಟಕಿಯಿಂದ ಸಯನೈಡ್ ದಿಬ್ಬ ಕಾಣಿಸಿತು. ಕೆಜಿಎಫ್ ಅಂದ್ರೆ ಈಗ ಎಲ್ಲರಿಗೂ ಸಿನಿಮಾ. ಅವರಿಗೆ ಮಾತ್ರ ಚಾಂಪಿಯನ್ ರೀಫ್ ಗಣಿ, ಮೂರು ಕಿಲೋಮೀಟರಿಗೂ ಹೆಚ್ಚು ಆಳ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚುವುದಕ್ಕೂ ಮೊದಲೇ ಅವರು ರಿಟೈರ್ ಆಗಿದ್ದರು.

"ತಾತ, ನೀವೂ ಆಡ್ತಿದ್ರಾ?"

"ಬ್ಯಾಕ್ ಆಡ್ತಿದ್ದೆ. ಶಿಫ್ಟ್ ಮುಗಿಸಿ ನೇರ ಗ್ರೌಂಡಿಗೆ."

"ಗಣಿಯಲ್ಲಿ ಏನು ಕೆಲಸ?"

"ಅಲ್ಲೂ ಬ್ಯಾಕೇ ಕಣಪ್ಪಾ" ಅಂತ ನಕ್ಕರು. ಅದಿರು ತೆಗೆದ ಮೇಲೆ ಖಾಲಿಯಾದ ಜಾಗ ಕುಸೀಬಾರದು ಅಂತ ಕೆಳಗೆ ಗ್ರಾನೈಟ್ ಕಲ್ಲಿನ ಗೋಡೆ ಕಟ್ಟುತ್ತಿದ್ದರು. ಅಷ್ಟು ಆಳದಲ್ಲಿ ಬಂಡೆಯೇ ಒತ್ತಡಕ್ಕೆ ಸಿಡಿಯೋದು ಕೋಲಾರದ ಗಣಿಗಳ ದೊಡ್ಡ ಅಪಾಯ. ಆ ಗೋಡೆ ಕಟ್ಟೋ ಗುಂಪಿನಲ್ಲಿ ಇವರೂ ಒಬ್ಬರು.

"ಚಿನ್ನದ ಗಟ್ಟಿ ಹಿಡ್ಕೊಂಡ ದೊರೆಗಳ ಫೋಟೊ ಇದೆ. ಗೋಡೆ ಕಟ್ಟಿದೋರ ಫೋಟೊ ನೀನು ಎಲ್ಲಾದ್ರೂ ನೋಡಿದ್ದೀಯಾ?"

ನಾನು ನೋಡಿರಲಿಲ್ಲ.

ವಾಪಸ್ ಬಂದ ದಿನವೇ ಬುಲೆಟಿನ್‌ನಲ್ಲಿ ಕೆಂಪಯ್ಯನವರ ಬಗ್ಗೆ ಎರಡು ನಿಮಿಷ ಮಾತಾಡಿದೆ, ಮರೆತದ್ದಕ್ಕೆ ಕ್ಷಮೆಯನ್ನೂ ಕೇಳಿದೆ. ನಿಮ್ಮಲ್ಲೂ ಒಂದು ಕೋರಿಕೆ. ಮುಂದಿನ ಸಲ ನಿಮ್ಮೂರ ಮೈದಾನದಲ್ಲಿ ಮ್ಯಾಚ್ ನಡೆದರೆ, ಒಂದು ಹತ್ತು ನಿಮಿಷ ಚೆಂಡು ನೋಡಬೇಡಿ. ಹಿಂದೆ ನಿಂತ ಹುಡುಗನನ್ನು ನೋಡಿ. ಅವನು ಯಾವ ಕಡೆ ಎರಡು ಹೆಜ್ಜೆ ಇಟ್ಟ, ಅದರಿಂದ ಎದುರಾಳಿ ಯಾಕೆ ದಾರಿ ಬದಲಿಸಿದ, ಅಷ್ಟು ನೋಡಿದರೆ ಸಾಕು. ಆಮೇಲೆ ಅವನ ಹೆಸರು ಕೇಳಿ ತಿಳ್ಕೊಳ್ಳಿ.

ಬಂಗಾರಪೇಟೆಯಿಂದ ಮೊನ್ನೆ ಮತ್ತೆ ಫೋನ್ ಬಂದಿತ್ತು. "ಕೆಂಪಯ್ಯಂದು ಆಯ್ತಪ್ಪಾ" ಅಂದರು. "1948ರಲ್ಲಿ ನಮ್ಮ ಕ್ಯಾಪ್ಟನ್ ಟಿ. ಆವೋ, ನಾಗಾ ಹುಡುಗ, ಅವನೂ ಡಿಫೆನ್ಸ್ ಆಟಗಾರನೇ. ಅವನ ಕಥೆ ಯಾವಾಗ ಹೇಳ್ತೀಯಾ?"